ನಮ್ಮ ಖಾನಾವಳಿಯ ಮುಸುರಿ ಮಶೀನು

ಅವ್ವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಮೊದಲ ಬಿರುಕು ಕಾಣಿಸಿಕೊಂಡದ್ದು ಚಳಿಗಾಲದಲ್ಲಿ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಚಳಿಗೆ ಎಲ್ಲರ ಕೈಯೂ ಒಡೆಯುತ್ತದೆ, ಅವ್ವನದೂ ಒಡೆಯಿತು ಎಂದುಕೊಳ್ಳುವುದು ಸುಲಭ. ಆದರೆ ಆಗ ನಾನು ಬರೆಯುತ್ತಿದ್ದ ದಿನಚರಿ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಅವ್ವನ ಕೈಯ ಮಾತು ಬರುವ ಪುಟದಲ್ಲೇ, ಸೆಕೆ ತಾಳಲಾರದೆ ನಾವೆಲ್ಲ ಮಾಳಿಗೆಯ ಮೇಲೆ ಮಲಗಿದೆವು ಎಂದೂ ಇದೆ. ಅಂದರೆ ಅದು ಬೇಸಿಗೆ. ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿದು ನನಗೆ ರಜೆ. ಕೈ ಒಡೆದದ್ದು ಚಳಿಯಿಂದಲ್ಲ, ಸೋಪಿನ ನೀರಿನಿಂದ; ಅದನ್ನು ನೋಡುತ್ತ ನಾನು ಮನೆಯಲ್ಲೇ ಇದ್ದೆ. ನೆನಪು ಯಾಕೆ ಕಾಲವನ್ನೇ ಬದಲಿಸಿಬಿಟ್ಟಿತು ಎಂದು ಕೇಳಿಕೊಂಡರೆ ಸಿಗುವ ಉತ್ತರ ನನಗೆ ಅಷ್ಟು ಹಿತವಾದದ್ದಲ್ಲ. ಹಾಗಾಗಿ ಈ ಅಧ್ಯಾಯದಲ್ಲಿ ದಿನಚರಿ ಹೇಳುವುದನ್ನೂ ನಾನು ಹೇಳಿಕೊಂಡು ಬಂದದ್ದನ್ನೂ ಆದಷ್ಟು ಬೇರೆ ಬೇರೆ ಇಡಲು ನೋಡುತ್ತೇನೆ.

ಗಾಜಿಪುರದ ನಮ್ಮ ಮನೆಯಲ್ಲಿ ಒಂದರ ಹಿಂದೊಂದು ಮೂರು ಕೋಣೆಗಳಿದ್ದವು. ಮುಂದಿನ ಪಡಸಾಲೆಯಲ್ಲಿ ಖಾನಾವಳಿ. ನಡುವಿನ ಕೋಣೆಯಲ್ಲಿ ನಮ್ಮ ಹಾಸಿಗೆ, ನನ್ನ ಪುಸ್ತಕ, ಜೋಳದ ಚೀಲಗಳು. ಹಿಂದೆ ಅಡುಗೆಮನೆ, ಅದಕ್ಕೆ ಹತ್ತಿಕೊಂಡೇ ಫರಸಿ ಕಲ್ಲು ಹಾಸಿದ ಬಚ್ಚಲು. ಅಪ್ಪ ಕಪನೂರಿನ ಒಂದು ಮೋಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸುಟ್ಟುಹೋದ ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಆದರೆ ಮನೆಗೊಂದು ಹೆಸರು ಇದ್ದದ್ದು ಅವ್ವನ ರೊಟ್ಟಿಯಿಂದ. ಕಾರಕೂನರು, ಅಂಗಡಿಯ ಗುಮಾಸ್ತರು, ಕಪನೂರಿನ ಕಾರ್ಖಾನೆಗಳಲ್ಲಿ ದುಡಿಯುವ ಒಂಟಿ ಗಂಡಸರು, ಹೀಗೆ ಹದಿನೈದು ಮಂದಿ ಎರಡೂ ಹೊತ್ತು ನಮ್ಮಲ್ಲಿ ಉಣ್ಣುತ್ತಿದ್ದರು. ಚಾಪೆಯ ಮೇಲೆ ಎರಡು ಸಾಲಾಗಿ ಕೂತು, ತಾಟಿನಲ್ಲಿ ಕಾಳಿನ ಪಲ್ಯೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇಟ್ಟುಕೊಂಡು, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಕಾಯುವರು. ಹಂಚಿನಿಂದ ಇಳಿದ ರೊಟ್ಟಿ ಉಬ್ಬಿದಂತೆಯೇ ತಾಟಿಗೆ ಹೋಗಬೇಕು. ಡಬ್ಬಿಯಲ್ಲಿಟ್ಟ ರೊಟ್ಟಿ ಬಡಿಸುವ ರೂಢಿ ನಮ್ಮಲ್ಲಿರಲಿಲ್ಲ. ಅವರಲ್ಲಿ ಹಿರಿಯರಾದ ಡ್ರಾಯಿಂಗ್ ಮಾಸ್ತರರಿಗೆ ಗೋಡೆಯ ಪಕ್ಕದ ಜಾಗ. ಅವರು ಬರುವುದು ತಡವಾದರೂ ಆ ಜಾಗದಲ್ಲಿ ಯಾರೂ ಕೂಡುತ್ತಿರಲಿಲ್ಲ.

ನಮ್ಮ ಮನೆಯ ಮುಸುರಿ ತಿಕ್ಕಲು ಬರುತ್ತಿದ್ದಾಕೆ ಆ ವರ್ಷ ಬೇಳೆ ಮಿಲ್ಲಿಗೆ ಕೆಲಸಕ್ಕೆ ಸೇರಿಕೊಂಡಳು. ಬೇರೆ ಯಾರೂ ಸಿಗಲಿಲ್ಲ. ಹದಿನೈದು ತಾಟು, ಸಾರಿನ ವಾಟಗ, ಗ್ಲಾಸು, ಮೇಲೆ ಅಡುಗೆಯ ಪಾತ್ರೆಗಳು, ಅದೂ ದಿನಕ್ಕೆ ಎರಡು ಸಲ, ಎಲ್ಲ ಅವ್ವನ ಮೇಲೆ ಬಿತ್ತು. ನಾನೂ ತಿಕ್ಕುತ್ತಿದ್ದೆ ಎಂದು ಹೇಳಬೇಕೆನಿಸುತ್ತದೆ. ದಿನಚರಿಯಲ್ಲಿ ಹುಡುಕಿದರೆ “ಇವತ್ತು ನಾನೇ ತಿಕ್ಕಿದೆ” ಎಂಬುದು ಎರಡು ತಿಂಗಳಲ್ಲಿ ಎರಡೇ ಕಡೆ ಇದೆ. ದಿನಾ ತಿಕ್ಕುವವಳು ಅದನ್ನು ಬರೆದಿಡುತ್ತಿರಲಿಲ್ಲ.

ಬಿರುಕು ಬೆರಳ ಸಂದುಗಳಿಗೆ ಹಬ್ಬಿತು. ಅವ್ವ ಬಟ್ಟೆ ಸುತ್ತಿಕೊಂಡು ತಿಕ್ಕಿದಳು, ಬಟ್ಟೆ ಬಿಚ್ಚಿ ರೊಟ್ಟಿ ಬಡಿದಳು. ಒಂದು ಮಧ್ಯಾಹ್ನ ಬಡಿಯುತ್ತಿದ್ದ ರೊಟ್ಟಿಯ ಅಂಚಿನಲ್ಲಿ ತೆಳ್ಳಗೆ ಒಂದು ಕೆಂಪು ಗೆರೆ ಮೂಡಿತು. ಅವ್ವ ಆ ಹಿಟ್ಟನ್ನೆತ್ತಿ ಒಲೆಯೊಳಗೆ ಹಾಕಿ, ಹಿಟ್ಟು ನಾದುವ ಪರಾತವನ್ನು ಬದಿಗೆ ಸರಿಸಿದಳು. ಆ ದಿನ ಎಲ್ಲರಿಗೂ ಬರೀ ಅನ್ನ. ಡಾಕ್ಟರು ಮುಲಾಮು ಬರೆದುಕೊಟ್ಟು, ಇದಕ್ಕೆ ಔಷಧಕ್ಕಿಂತ ಮುಖ್ಯ ಸೋಪಿನ ನೀರು ಬಿಡುವುದು, ಹೀಗೇ ನಡೆದರೆ ಈ ಕೈಯಿಂದ ರೊಟ್ಟಿ ಮರೆತುಬಿಡಿ ಎಂದರು. ಸುದ್ದಿ ಕೇಳಿ ಅವ್ವನ ಅಕ್ಕ, ನನ್ನ ದೊಡ್ಡವ್ವ, ಕಮಲಾಪುರದಿಂದ ಮೊದಲ ಬಸ್ಸಿಗೇ ಬಂದಿಳಿದಳು.

“ಕೈ ಹೋದ್ರ ಪ್ಯಾಟ್ಯಾಗ ಸಿಗತಾವೇನವಾ ಹೊಸಾವು? ಮುಚ್ಚು ಈ ಖಾನಾವಳಿ. ನಡಿ ನನ್ನ ಜೋಡಿ.”

“ಮುಚ್ಚಿ ಏನ್ ಮಾಡ್ಲಿ ಅಕ್ಕಾ?”

“ಸುಮ್ನ ಕೂಡು. ಗಂಡ ದುಡಿತಾನಿಲ್ಲ?”

“ಅದೊಂದು ನನಗ ಬರಂಗಿಲ್ಲ ನೋಡು, ಸುಮ್ನ ಕೂಡೋದು.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಆಗ ಬಾಯಿ ಬಿಟ್ಟ. “ಹದಿನೈದು ದಿನ ಹೋಗಿ ಬಾ. ನಮ್ಮ ಅಂಗಡ್ಯಾಗ ಒಂದ್ ಮುಸುರಿ ತಿಕ್ಕೋ ಮಶೀನ್ ಬಿದ್ದದ. ನೀ ಬರೂದ್ರಾಗ ಅದನ್ನ ನಡಸ್ತೀನಿ.”

ದೊಡ್ಡವ್ವ ನಕ್ಕಳು. “ಮುಸುರಿ ತಿಕ್ಕೋ ಮಶೀನಂತ! ನಾಳಿಗಿ ಉಣ್ಣೋ ಮಶೀನೂ ತರ್ತಾನ ಇವ.”

ಅವ್ವ ನಗಲಿಲ್ಲ. “ನಾ ಬರೂದ್ರಾಗ ಅದು ನಡೀಬೇಕು. ನಡೀಲಿಲ್ಲಂದ್ರ ಅಕ್ಕ ಹೇಳಿದಂಗ ಮುಚ್ಚೋದೇ,” ಎಂದು ಹೇಳಿ ಸೀರೆ ಮಡಚಿ ಚೀಲಕ್ಕೆ ತುಂಬಿಕೊಂಡಳು. ಹಾಗೆ ನಮಗೆ ಹದಿನೈದು ದಿನ ಸಿಕ್ಕವು.

ಮಶೀನು ಯಾರದೋ ಅಧಿಕಾರಿಯ ಮನೆಯದು. ಪರದೇಶದಿಂದ ಬರುವಾಗ ತಂದಿದ್ದರು. ಕೆಟ್ಟಿತು, ರಿಪೇರಿಗೆ ಕೊಟ್ಟರು, ಅಷ್ಟರಲ್ಲಿ ವರ್ಗವಾಗಿ ಅದನ್ನು ಬಿಟ್ಟೇ ಹೋದರು. ಅಪ್ಪ ಮತ್ತು ಅವನ ಜೊತೆ ಕೆಲಸ ಮಾಡುತ್ತಿದ್ದ ಗಫಾರ್ ಚಾಚಾ ಅದನ್ನು ಒತ್ತುಗಾಡಿಯ ಮೇಲೆ ತಂದು ಬಚ್ಚಲಿನಲ್ಲಿಳಿಸಿದರು. ಬಿಳಿಯದಿತ್ತೋ ಬೂದಿ ಬಣ್ಣದ್ದೋ ನೆನಪಿಲ್ಲ. ಬಾಗಿಲು ಕೆಳಮುಖವಾಗಿ ತೆರೆಯುತ್ತಿತ್ತು, ಒಳಗೆ ತಂತಿಯ ಎರಡು ಬುಟ್ಟಿಗಳಿದ್ದವು, ಕೆಳಗೆ ಸಣ್ಣ ಸಣ್ಣ ತೂತುಗಳಿದ್ದ ಒಂದು ರೆಕ್ಕೆ. ಪಂಪು ನೀರನ್ನು ಆ ತೂತುಗಳಿಂದ ಚಿಮ್ಮಿಸುತ್ತದೆ, ಆ ಚಿಮ್ಮುವ ರಭಸಕ್ಕೆ ರೆಕ್ಕೆ ತಾನೇ ತಿರುಗುತ್ತದೆ, ನೀರು ತಳದ ಜಾಳಿಗೆಯಲ್ಲಿ ಸೋಸಿ ಮತ್ತೆ ಪಂಪಿಗೆ ಬರುತ್ತದೆ ಎಂದು ಅಪ್ಪ ಎಲ್ಲ ಬಿಚ್ಚಿ ತೋರಿಸಿದ. ನೀರು ಕಾಯಿಸುವ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ನಮ್ಮ ಬೋರಿನ ನೀರು ಎಷ್ಟು ಗಡಸೆಂದರೆ ಜಳಕದ ಹಂಡೆಯ ಒಳಮೈ ಕೂಡ ಸುಣ್ಣ ಬಳಿದಂತಿರುತ್ತಿತ್ತು. ಲಿಂಬಿಹಣ್ಣಿನ ರಸದಲ್ಲಿ ಕಾಯಿಲನ್ನು ನೆನೆಹಾಕಿದಾಗ ಅದು ನೊರೆ ನೊರೆಯಾಗಿ ಬಿಟ್ಟಿತು. ಮೋಟರಿಗೆ ಹೊಸ ತಂತಿ ಸುತ್ತಿದರು. ಹರಿದಿದ್ದ ಬಾಗಿಲ ರಬ್ಬರಿನ ಬದಲಿಗೆ ಲಾರಿಯ ಟ್ಯೂಬು ಕತ್ತರಿಸಿ ಕೂಡಿಸಿದರು. ರೆಕ್ಕೆಯ ತೂತುಗಳನ್ನು ದಬ್ಬಣದಿಂದ ಒಂದೊಂದಾಗಿ ಬಿಡಿಸುವುದು ನನ್ನ ಕೆಲಸ. ಮಾಳಿಗೆಯ ಮೇಲಿನ ಡ್ರಮ್ಮಿನಿಂದ ಪೈಪು ಇಳಿಸಿ ಹಚ್ಚಿದ ಮೇಲೆ ಅಪ್ಪ ಒಂದೇ ಒಂದು ಕಟ್ಟಪ್ಪಣೆ ಮಾಡಿದ: ಇದರಲ್ಲಿ ತಾಟು, ವಾಟಗ, ಗ್ಲಾಸು ಮಾತ್ರ.

ಅದಕ್ಕೆ ಯಾವ ಪುಡಿ ಹಾಕಬೇಕೆಂದು ನಮಗಾರಿಗೂ ಗೊತ್ತಿರಲಿಲ್ಲ. ಬಟ್ಟೆ ಒಗೆಯುವ ಪುಡಿ ಎರಡು ಹಿಡಿ ಹಾಕಿದೆವು. ಮೊದಲ ಪಂಕ್ತಿಯ ತಾಟುಗಳನ್ನು ಒಳಗಿಟ್ಟು, ಎರಡನೇ ಪಂಕ್ತಿ ಉಣ್ಣುತ್ತಿರುವಾಗಲೇ ಅಪ್ಪ ಗುಂಡಿ ತಿರುಗಿಸಿದ. ಸ್ವಲ್ಪ ಹೊತ್ತು ಹೊಟ್ಟೆ ಗುಡುಗುಟ್ಟಿದಂಥ ಸಪ್ಪಳ. ಆಮೇಲೆ ಬಾಗಿಲ ಸಂದಿನಿಂದ ನೊರೆ ಹೊರಟಿತು. ಬಚ್ಚಲು ತುಂಬಿ, ಅಡುಗೆಮನೆ ದಾಟಿ, ನಡುಮನೆಯ ಹೊಸ್ತಿಲು ಹತ್ತಿ ಪಡಸಾಲೆಗೂ ಬಂತು. ಡ್ರಾಯಿಂಗ್ ಮಾಸ್ತರರು ತಾಟು ಎತ್ತಿಕೊಂಡು ಎದ್ದು ನಿಂತು ಅಪ್ಪನನ್ನು ಕೂಗಿದರು.

“ಮಲ್ಲಣ್ಣ, ಊಟದ್ದಾಯ್ತು. ಜಳಕಾನೂ ಇಲ್ಲೇ ಮಾಡಸೇ ಕಳಸ್ತೀಯೇನು?”

ಗಫಾರ್ ಚಾಚಾ ನೊರೆಯಲ್ಲಿ ಮೊಣಕಾಲೂರಿ ಕೂತು ಸ್ವಿಚ್ಚು ಆರಿಸಿದರು. ಮರುದಿನ ಅವರೇ ಬಟ್ಟೆ ಸೋಡಾದ ಪೊಟ್ಟಣ ತಂದರು. ಅದು ನೊರೆ ಬರಿಸುವುದಿಲ್ಲ, ಜಿಡ್ಡು ಬಿಡಿಸುತ್ತದೆ. ಆ ದಿನ ತಾಟುಗಳು ಹೊಸವು ತಂದಂತೆ ಹೊರಬಂದವು. ಅಪ್ಪ ಒಂದು ತಾಟನ್ನು ಕನ್ನಡಿಯಂತೆ ಮುಖದ ಮುಂದೆ ಹಿಡಿದು ಮೀಸೆ ತೀಡಿಕೊಂಡ.

ಈ ನಡುವೆ ಪಲ್ಯೆ, ಅನ್ನ, ಸಾರು ಪಕ್ಕದ ಮನೆಯಾಕೆ ಮಾಡಿಕೊಡುತ್ತಿದ್ದಳು; ರೊಟ್ಟಿ ಮಾತ್ರ ನನ್ನ ಪಾಲಿಗೆ. ನಾನು ಬಡಿದ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು, ನಡುವೆ ದಪ್ಪವಾಗುತ್ತಿತ್ತು, ಹಿಟ್ಟು ಪರಾತಕ್ಕೂ ಕೈಗೂ ನೆಲಕ್ಕೂ ಮೆತ್ತುತ್ತಿತ್ತು.

“ತಂಗಿ, ಇದು ಬಿಸಿ ರೊಟ್ಟಿನೋ ಕಟಕ್ ರೊಟ್ಟಿನೋ?” ಎಂದು ಮಾಸ್ತರರು ಕೇಳಿದರು.

“ಬಿಸಿ ರೊಟ್ಟಿರೀ ಸರ್.”

“ಹಂಗಾದ್ರ ಅದಕ್ಕೂ ಒಂದ್ ಮಾತ್ ಹೇಳವಾ. ಅದಕ್ಕ ಗೊತ್ತಿದ್ದಂಗಿಲ್ಲ.”

ಮಾಸ್ತರರು ನಗಿಸಿಯಾದರೂ ಉಂಡರು. ಗುಮಾಸ್ತರಲ್ಲಿ ಮೂರು ಮಂದಿ ಅವ್ವ ಹೋದ ನಾಲ್ಕನೇ ದಿನದಿಂದ ಬರಲಿಲ್ಲ. ಸ್ಟೇಷನ್ ಕಡೆಯ ಖಾನಾವಳಿಗೆ ಹೋಗುತ್ತಿದ್ದಾರೆಂದು ಆಮೇಲೆ ತಿಳಿಯಿತು.

ನಡೆಯತೊಡಗಿದ ಮೂರನೆಯ ದಿನಕ್ಕೆ ಮಶೀನು ತಾಟುಗಳನ್ನು ಹಾಗೇ ಕೊಳಕಾಗಿ ಮರಳಿಸಿತು. ಮೋಟರು ನರಳುತ್ತಿತ್ತು, ರೆಕ್ಕೆ ತಿರುಗುತ್ತಿರಲಿಲ್ಲ. ಬಿಚ್ಚಿದರೆ ಜಾಳಿಗೆಯ ತುಂಬ ಬೂದುಬಿಳಿ ಗಟ್ಟಿ. ಕೆರೆದು, ಲಿಂಬಿರಸ ಹುಯ್ದು ಮತ್ತೆ ಕೂಡಿಸಿದರು. ಎರಡು ದಿನ ನಡೆಯಿತು, ಮತ್ತೆ ಕಟ್ಟಿತು. ಮೂರನೇ ಸಲ ಬಿಚ್ಚಿದಾಗ ಪಂಪಿನೊಳಗೂ ಅದೇ. ಅಪ್ಪ ಕಪನೂರಿನಲ್ಲಿ ದಿನವಿಡೀ ಮೋಟರು ಬಿಚ್ಚಿ, ಮನೆಗೆ ಬಂದು ಮತ್ತದೇ ಕೆಲಸಕ್ಕೆ ಕೂಡುತ್ತಿದ್ದ.

“ಮೋಟರ್ ಮಸ್ತ್ ಅದ ಭಾಯಿ,” ಎಂದರು ಗಫಾರ್ ಚಾಚಾ. “ಮರ್ಜ್, ರೋಗ, ನೀರಿಂದು. ಈ ಪಾನಿ ಎಂಥಾ ಮಶೀನಿಗೂ ಜಿಂದಾ ಬಿಡಂಗಿಲ್ಲ.”

“ಸುಣ್ಣಾನೇ,” ಎಂದ ಅಪ್ಪ. “ಹಂಡ್ಯಾಗ ಕಟ್ಟತದಲ್ಲ, ಅದೇ ಇದು.”

ಲಿಂಬಿರಸಕ್ಕೆ ಈ ಗಟ್ಟಿ ಯಾಕೆ ಕರಗುವುದಿಲ್ಲ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ನೀರೇ ಅಪರಾಧಿ ಎಂದು ತೀರ್ಮಾನವಾಗಿತ್ತು. ಕಮಲಾಪುರದ ದೊಡ್ಡವ್ವನ ತೋಟದ ಬಾವಿಯ ನೀರು ಸಿಹಿ. ಅದನ್ನು ಹಾಕಿ ಒಂದು ಸಲ ನಡೆಸಿ ನೋಡೋಣ, ಆಗ ಖಾತ್ರಿಯಾಗುತ್ತದೆ ಎಂದು ಅಪ್ಪ ನನ್ನ ಕೈಗೆ ಎರಡು ಖಾಲಿ ಡಬ್ಬಿ ಕೊಟ್ಟು ಬಸ್ಸು ಹತ್ತಿಸಿದ. ಜಾಳಿಗೆಯಿಂದ ಕೆರೆದ ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿಕೊಟ್ಟ. “ನಿಮ್ಮವ್ವಗ ತೋರಸು. ನಾ ಸುಮ್ನ ಕೂತಿಲ್ಲಂತ ಗೊತ್ತಾಗ್ಲಿ.” ಅಂದು ಹನ್ನೊಂದನೇ ದಿನ.

ದೊಡ್ಡವ್ವನ ಮನೆ ಕೆಂಪು ಬಾಳೆಯ ತೋಟದ ಅಂಚಿಗಿತ್ತು. ಅವ್ವ ಕಟ್ಟೆಯ ಮೇಲೆ ಅಂಗೈಗಳನ್ನು ಮೇಲೆ ಮಾಡಿ ಕೂತಿದ್ದಳು, ಮುಲಾಮು ಹೀರಲೆಂದು. ಬಿರುಕುಗಳು ಅರ್ಧಕ್ಕರ್ಧ ಕೂಡಿದ್ದವು. ಹನ್ನೊಂದು ದಿನ ಏನೂ ಮಾಡದೆ ಕೂತ ಅವ್ವನನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆದರೆ ಅವಳ ಮುಖ ಪರ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಮುಖದ ಹಾಗಿತ್ತು. ನಾನು ಪೇಪರು ಬಿಚ್ಚಿ ಅವಳ ಮುಂದಿಟ್ಟೆ.

“ಏನಿದು?”

“ಸುಣ್ಣದ ಗಟ್ಟಿ. ಮಶೀನಿನಾಗ ಕಟ್ಟಾಕತ್ತದ. ನಮ್ಮ ನೀರಿಂದು.”

ಅವ್ವ ಒಂದು ಚೂರು ಮುರಿದು, ಚರಗಿಯ ನೀರಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದಳು. ಆಮೇಲೆ ಬೇಕಂತಲೇ ಅದನ್ನು ಕೂಡದ ಒಂದು ಬಿರುಕಿನ ಮೇಲೆ ಒರೆಸಿಕೊಂಡು ಸ್ವಲ್ಪ ಹೊತ್ತು ಕಾದಳು.

“ಸುಣ್ಣ ಆಗಿದ್ರ ಉರೀಬೇಕಿತ್ತು. ಉರೀವಲ್ದು. ಇದು ಹಿಟ್ಟು.”

“ತಾಟಿನಾಗಿನ ರೊಟ್ಟಿ ಚೂರು ಇರಬೇಕು,” ಎಂದೆ ನಾನು, ಬೇಗನೆ.

“ಸುಟ್ಟ ರೊಟ್ಟಿ ಹಿಂಗ ಅಂಟಂಗಿಲ್ಲ. ಇದು ಹಸಿ ಹಿಟ್ಟು, ಕುದಿಯೋ ನೀರು ಬಿದ್ದು ಗಟ್ಟಿ ಆಗ್ಯದ. ನಾ ದಿನಾ ರೊಟ್ಟಿ ಹಿಟ್ಟಿಗೆ ಎಸರು ಯಾಕ ಹಾಕ್ತೀನಿ? ತಣ್ಣೀರು ಹಾಕಿದ್ರ ಜ್ವಾಳದ ಹಿಟ್ಟು ಕೂಡಂಗಿಲ್ಲ, ಬಿಡಿಬಿಡಿ ಆಗ್ತದ. ಕುದಿಯೋ ಎಸರು ಬಿತ್ತಂದ್ರ ಹಿಡಕೊಂಡ್ ಬಿಡ್ತದ. ನಿಮ್ಮಪ್ಪನ ಮಶೀನಿನಾಗ ಬಿಸಿನೀರು ಅದ. ಅದಕ್ಕ ಹಿಟ್ಟು ಕೊಟ್ಟರ ಅದು ಮತ್ತೇನ್ ಮಾಡ್ತದ? ನಾದತದ.” ಹಾಗೆಂದು ಅವ್ವ ನನ್ನನ್ನೇ ನೋಡಿದಳು. “ಪರಾತ ಅದರಾಗ ಇಟ್ಟೀ ಏನು?”

ಹಿಟ್ಟು ನಾದುವ ಪರಾತವನ್ನು ನಾನು ಇಟ್ಟಿದ್ದೆ. ದಿನಾ ಇಟ್ಟಿದ್ದೆ. ಒಣಗಿದ ಹಿಟ್ಟನ್ನು ಕೆರೆದು ತೊಳೆಯುವ ಬೇಸರಕ್ಕೆ, ಅಪ್ಪ ತಾಟುಗಳನ್ನು ಜೋಡಿಸಿ ಅತ್ತ ಹೋದ ಮೇಲೆ, ಕೆಳಗಿನ ಬುಟ್ಟಿಗೆ ಅದನ್ನು ತೂರಿಸಿ ಬಾಗಿಲು ಹಾಕುತ್ತಿದ್ದೆ. ಅದರಿಂದಲೇ ಮಶೀನು ಕಟ್ಟುತ್ತಿದೆ ಎಂದು ನನಗೆ ಗೊತ್ತಿತ್ತೇ? ಇಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಆದರೆ ಅಪ್ಪ ಮಶೀನು ಬಿಚ್ಚಿದ ಆ ಮೂರೂ ದಿನಗಳ ಪುಟಗಳು ದಿನಚರಿಯಲ್ಲಿ ಖಾಲಿ ಇವೆ. ಆ ವರ್ಷ ಬೇರೆ ಯಾವ ದಿನವನ್ನೂ ನಾನು ಖಾಲಿ ಬಿಟ್ಟಿಲ್ಲ. ಮುಂದೆ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವಾಗ ಗೆಳತಿಯರಿಗೆ ಈ ಕತೆ ಹೇಳಿದ್ದಿದೆ. ಆಗೆಲ್ಲ ಜಾಳಿಗೆಯಲ್ಲಿದ್ದದ್ದು ಹಿಟ್ಟೆಂದು ಕಂಡುಹಿಡಿದವಳು ನಾನೇ ಆಗಿರುತ್ತಿದ್ದೆ. ಹಿಟ್ಟು ಅಲ್ಲಿಗೆ ಹೇಗೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: “ಕಮಲಾಪುರ. ಅವ್ವ ಮುಟ್ಟಿ ನೋಡಿದಳು. ಹಿಟ್ಟು ಅಂದಳು.”

ನಾನು ಹೂಂ ಎಂದೆ. ಅವ್ವ ಬೈಯಲಿಲ್ಲ. ಎದ್ದು ಒಳಗೆ ಹೋಗಿ ಚೀಲ ತಂದಳು.

“ಎಲ್ಲಿಗಿ ಹೊಂಟಿ? ಇನ್ನೂ ನಾಕ್ ದಿನ ಅದಾವ,” ಎಂದಳು ದೊಡ್ಡವ್ವ. “ನೋಡಿದಿಲ್ಲ? ಮಶೀನ್ ಬಂದ್ರೂ ಅದೇ ಗೋಳು. ಇಲ್ಲೇ ಇರು.”

“ಮಶೀನಿಗಿ ಏನೂ ಆಗಿಲ್ಲ ಅಕ್ಕಾ. ಅಡಗಿ ಗೊತ್ತಿದ್ದವರು ಅದರ ಬಾಜೂಕ ಇಲ್ಲ, ಅಷ್ಟೇ.”

“ಹೋಗಿ ಮತ್ತ ಮುಸುರಿಗೆ ಕೈ ಹಾಕಿದ್ಯೋ, ನಾನೇ ಬಂದು ಬಾಗಲಾ ಹಾಕಿ ಕೀಲಿ ಜಡೀತೀನಿ ನೋಡು,” ಎಂದು ಗೊಣಗುತ್ತಲೇ ದೊಡ್ಡವ್ವ ಬಸ್ಸಿನ ತನಕ ಬಂದಳು. ಡಬ್ಬಿಗಳು ಖಾಲಿಯಾಗಿಯೇ ವಾಪಸು ಹತ್ತಿದವು. ಬಸ್ಸಿನಲ್ಲಿ ಊರು ಹತ್ತಿರ ಬಂದಾಗ ಅವ್ವ ಒಂದೇ ಮಾತು ಹೇಳಿದಳು: “ನಿಮ್ಮಪ್ಪಗ ನಾ ಹೇಳಂಗಿಲ್ಲ ಶಾಂತಾ. ನೀ ಹೇಳು.”

ನಾವು ಮನೆ ಮುಟ್ಟಿದಾಗ ಒತ್ತುಗಾಡಿ ಬಾಗಿಲಲ್ಲಿ ನಿಂತಿತ್ತು. ಅಪ್ಪನೂ ಗಫಾರ್ ಚಾಚಾನೂ ಮಶೀನನ್ನು ಅಡ್ಡ ಮಲಗಿಸಿ ಹಗ್ಗ ಕಟ್ಟುತ್ತಿದ್ದರು. ಹಿಂದಿನ ರಾತ್ರಿ ನಾನು ಪರಾತ ಇಟ್ಟದ್ದಕ್ಕೇ ಇರಬೇಕು, ಮಧ್ಯಾಹ್ನ ಅದು ಮತ್ತೆ ಕಟ್ಟಿಕೊಂಡಿತ್ತು. ಸಿಹಿನೀರಿಗೂ ಕಾಯದೆ ಅದನ್ನು ಮರಳಿ ಅಂಗಡಿಗೆ ಹಾಕುವುದೆಂದು ಮಾಡಿದ್ದರು. ಅವ್ವನನ್ನು ಕಂಡು ಅಪ್ಪ ಹಗ್ಗ ಬಿಟ್ಟು ನಿಂತ, ಸೋತವನ ಹಾಗೆ. ಅವ್ವ ನೇರ ಒಳಗೆ ನಡೆದಳು. ನಾನು ಅಂಗಳದಲ್ಲಿ ನಿಂತು ಪರಾತದ ವಿಷಯ ಹೇಳಿದೆ. ದಿನಾ ಇಟ್ಟಿದ್ದು, ಅವರು ಬಿಚ್ಚುವಾಗಲೂ ಸುಮ್ಮನಿದ್ದದ್ದು, ಎಲ್ಲ. ಇಲ್ಲಿ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ಅಪ್ಪ ಜೋರಾಗಿ ನಕ್ಕು ನನ್ನ ತಲೆಯ ಮೇಲೆ ಕೈಯಿಡುತ್ತಾನೆ. ಇನ್ನೊಂದರಲ್ಲಿ ತನ್ನ ಗ್ರೀಸು ಹತ್ತಿದ ಕೈಗಳನ್ನು ನೋಡಿಕೊಳ್ಳುತ್ತ ಬಹಳ ಹೊತ್ತು ನಿಲ್ಲುತ್ತಾನೆ. ಮೊದಲನೆಯದನ್ನು ನಾನು ಆಮೇಲೆ ಕಟ್ಟಿಕೊಂಡಿರಬೇಕು. ಗಫಾರ್ ಚಾಚಾನ ಮಾತಿನಲ್ಲಿ ಮಾತ್ರ ನನಗೆ ಸಂಶಯವಿಲ್ಲ.

“ಮಲ್ಲಣ್ಣ, ಇಪ್ಪತ್ತು ವರ್ಷ ರೊಟ್ಟಿ ತಿಂದೀವಿ ನಾವಿಬ್ಬರೂ. ಹಿಟ್ಟು ಕಣ್ಣಮುಂದಿದ್ರೂ ಪಹಚಾನ್ ಆಗ್ಲಿಲ್ಲಲ್ಲಪ್ಪ!”

ಮಶೀನು ಮತ್ತೆ ಬಚ್ಚಲಿಗೆ ಹೋಯಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು ಕ್ರಮ ಹೇಳಿದಳು. ಪರಾತ ಮಶೀನಿಗಿಲ್ಲ; ಅದಕ್ಕೆ ತಣ್ಣೀರು ತುಂಬಿಟ್ಟರೆ ಹಿಟ್ಟು ತಾನೇ ಬಿಡುತ್ತದೆ, ತೆಂಗಿನ ನಾರಿನಿಂದ ಒಮ್ಮೆ ಒರೆಸಿದರೆ ಸಾಕು, ಸೋಪೂ ಬೇಡ. ತಾಟುಗಳನ್ನು ತಣ್ಣೀರಿನ ಬೋಗುಣಿಯಲ್ಲಿ ಒಮ್ಮೆ ಅದ್ದಿ ಅಲುಬಿ ಆಮೇಲೆ ಮಶೀನಿಗೆ. ಸಂಜೆಯ ಪಂಕ್ತಿ ಎದ್ದ ಮೇಲೆ ಜಾಳಿಗೆ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು. ಅಪ್ಪ ತನ್ನದನ್ನೂ ಸೇರಿಸಿದ: ಸೋಮವಾರಕ್ಕೊಮ್ಮೆ ರೆಕ್ಕೆಯ ತೂತುಗಳಿಗೆ ದಬ್ಬಣ, ಹುಣ್ಣಿಮೆ ಅಮಾವಾಸ್ಯೆಗೆ ಲಿಂಬಿರಸ ಹಾಕಿ ಒಂದು ಖಾಲಿ ಸುತ್ತು. ನೀರಿನ ಮೇಲಿನ ಅವನ ಆರೋಪವೂ ಪೂರಾ ಸುಳ್ಳಾಗಿರಲಿಲ್ಲ; ಲಿಂಬಿ ತಪ್ಪಿದ ತಿಂಗಳು ಕಾಯಿಲ್ ಬೆಳ್ಳಗಾಗುತ್ತಿತ್ತು. ಅಡುಗೆಯ ಪಾತ್ರೆಗಳನ್ನು ತಿಕ್ಕುವುದೂ ಸೇರಿ ಈ ಎಲ್ಲ ಕೆಲಸ ನನ್ನದಾಯಿತು. ಶಿಕ್ಷೆಯೆಂದು ಯಾರೂ ಹೇಳಲಿಲ್ಲ, ನನಗೂ ಹಾಗೆನಿಸಲಿಲ್ಲ. ಕೆಟ್ಟದ್ದನ್ನು ಬಿಚ್ಚುವ ಮೊದಲು ಅದಕ್ಕೆ ನಾನು ಏನು ತಿನ್ನಿಸಿದೆ ಎಂದು ಕೇಳಿಕೊಳ್ಳುವ ಚಾಳಿ ನನಗೆ ಅಂಟಿದ್ದು ಆ ಜಾಳಿಗೆ ತಿಕ್ಕುವಾಗಲೇ. ಹಾಗೆಂದು ಈಗ ನನಗನ್ನಿಸುತ್ತದೆ. ಆಗ ಅನ್ನಿಸಿತ್ತೇ, ಹೇಳಲಾರೆ.

ಅವ್ವನ ಕೈ ಪೂರ್ತಿ ಕೂಡಲು ಇನ್ನೂ ಒಂದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅವಳು ಪಕ್ಕದಲ್ಲಿ ಕೂತು ನನ್ನ ಕೈಯಿಂದ ರೊಟ್ಟಿ ಬಡಿಯಿಸಿದಳು. “ಬೆರಳು ಒತ್ತಬ್ಯಾಡ, ಅಂಗೈ ತಿರುವು,” ಎನ್ನುತ್ತಿದ್ದಳು. ನನ್ನ ರೊಟ್ಟಿ ನಿಧಾನಕ್ಕೆ ಉಬ್ಬತೊಡಗಿತು. ಆದರೂ ಹೋದ ಮೂವರು ಮರಳಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ, ಒಂದು ಮಧ್ಯಾಹ್ನ ಅವ್ವ ಪರಾತದ ಮುಂದಿನಿಂದ ನನ್ನನ್ನು ಎಬ್ಬಿಸಿ ತಾನು ಕೂತಳು. ಎ‌ಸರು ಹುಯ್ದು ಹಿಟ್ಟು ನಾದಿದಳು. ಹೊಸ ಚರ್ಮ ಮಗುವಿನ ಅಂಗಾಲಿನಂತೆ ಕೆಂಪಗಿತ್ತು. ನಾನು ಹಂಚು ನೋಡುವುದು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದೆ. ಮೊದಲ ರೊಟ್ಟಿ, ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಅವಳು ಬಡಿಯುವುದು ನಿಲ್ಲಿಸಿ, ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳುಗಳನ್ನು ಅಗಲಿಸಿ ನೋಡಿಕೊಂಡಳು. ನಾನು ಎದ್ದೇ ನಿಂತೆ.

“ಹಂಚು ಸುಡಾಕತ್ತದ, ನಿಂತೀ ಯಾಕ?” ಎಂದು ಅವಳು ಮತ್ತೆ ಬಡಿಯತೊಡಗಿದಳು.

ನಾನು ಪಡಸಾಲೆಗೆ ರೊಟ್ಟಿ ಒಯ್ದಾಗ ಡ್ರಾಯಿಂಗ್ ಮಾಸ್ತರರು ಅವ್ವ ಬಡಿಯುವ ಸಪ್ಪಳಕ್ಕೆ ಕಿವಿಗೊಟ್ಟು ಕೂತಿದ್ದರು. ರೊಟ್ಟಿ ಮುರಿದರು, ಹಬೆ ಎದ್ದಿತು. ಎರಡು ತುತ್ತಾದ ಮೇಲೆ ಒಳಗೆ ಕೇಳುವಂತೆ ಕೂಗಿದರು:

“ಅಕ್ಕಾರ, ನಾಳಿಂದ ಆ ಮೂರ್ ಮಂದಿಗಿ ಕರ್ಕೊಂಡ್ ಬರ್ಲೇನ್ರಿ?”

ಬಡಿಯುವ ಸಪ್ಪಳ ನಿಲ್ಲಲಿಲ್ಲ. ಅದರ ನಡುವೆಯೇ ಅವ್ವನ ದನಿ ಬಂತು:

“ಮೂರೇ ಯಾಕ್ರೀ ಮಾಸ್ತರ್, ಐದ್ ಮಂದಿಗಿ ಕರ್ಕೊಂಡ್ ಬರ್ರಿ. ತಾಟು ತೊಳಿಯೋರು ಮನ್ಯಾಗ ಅದಾರ.”